ಜೀವನಚರಿತ್ರೆಯ ಪಾಠ: ನರವೈದ್ಯ ಆಲಿವರ್ ಸ್ಯಾಕ್ಸ್

ತರಗತಿ: 9. ಅವಧಿ: 40 ನಿಮಿಷ.

ಉದ್ದೇಶಗಳು
1. ಸ್ಯಾಕ್ಸ್ ಅವರ ಬದುಕಿನ ಮುಖ್ಯ ಘಟ್ಟಗಳನ್ನು ವಿದ್ಯಾರ್ಥಿಗಳು ಕ್ರಮವಾಗಿ ಹೇಳುವರು.
2. ಒಂದೇ ಹೆಸರಿನಿಂದ ಮನುಷ್ಯನನ್ನು ಅಳೆಯಲಾಗದು ಎಂಬುದನ್ನು ಉದಾಹರಣೆ ಕೊಟ್ಟು ವಿವರಿಸುವರು.

ಪೀಠಿಕೆ
ಕ್ಯಾತನಹಳ್ಳಿಯ ಮಕ್ಕಳಿಗೆ ನ್ಯೂಯಾರ್ಕ್ ದೂರ, ಬೇಲಿಯ ನಸುಗುನ್ನಿ ಹತ್ತಿರ. ಅದರ ಕಾಯಿ ಮುಟ್ಟಿದರೆ ಏನಾಗುತ್ತದೆ ಎಂದು ಕೇಳಿ ಪಾಠ ಆರಂಭಿಸಿ. ಆ ಬೀಜದಲ್ಲಿ ಎಲ್-ಡೋಪಾ ಎಂಬ ವಸ್ತುವಿದೆ. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧಿಯೂ ಅದೇ. ಬೀಜವನ್ನು ಯಾರೂ ತಿಂದು ನೋಡಬಾರದೆಂದು ಆಗಲೇ ಎಚ್ಚರಿಸಿ.

ನಿರೂಪಣೆ
ಸ್ಯಾಕ್ಸ್ ಹುಟ್ಟಿದ್ದು 1933ರಲ್ಲಿ, ಲಂಡನ್ನಿನಲ್ಲಿ. ತಂದೆ ವೈದ್ಯರು, ತಾಯಿ ಶಸ್ತ್ರವೈದ್ಯೆ. ಆಕ್ಸ್‌ಫರ್ಡ್‌ನಲ್ಲಿ ಓದಿ 1960ರಲ್ಲಿ ಅಮೆರಿಕಕ್ಕೆ ಹೋದರು. ನ್ಯೂಯಾರ್ಕ್‌ನ ಬೆತ್ ಅಬ್ರಹಾಂ ಆಸ್ಪತ್ರೆಯಲ್ಲಿ ನಿದ್ರಾರೋಗದ ಪಿಡುಗಿಗೆ ಸಿಕ್ಕಿ ದಶಕಗಳಿಂದ ಕಲ್ಲಿನಂತೆ ಕುಳಿತಿದ್ದ ರೋಗಿಗಳನ್ನು ಕಂಡರು. 1969ರಲ್ಲಿ ಎಲ್-ಡೋಪಾ ಕೊಟ್ಟಾಗ ಹಲವರು ಎದ್ದು ನಡೆದರು, ಮಾತಾಡಿದರು. ಆದರೆ ಬಹಳ ಜನರಿಗೆ ಆ ಚೇತರಿಕೆ ಉಳಿಯಲಿಲ್ಲ. 1973ರಲ್ಲಿ 'ಅವೇಕನಿಂಗ್ಸ್' ಪುಸ್ತಕದಲ್ಲಿ ಇಪ್ಪತ್ತು ರೋಗಿಗಳ ಕಥೆ ಬರೆದರು. ಕಾಯಿಲೆಯ ಲಕ್ಷಣಗಳಷ್ಟೇ ಅಲ್ಲ, ಆ ಮನುಷ್ಯ ಮೊದಲು ಯಾರಾಗಿದ್ದ, ಏನನ್ನು ಪ್ರೀತಿಸುತ್ತಿದ್ದ ಎಂಬುದೂ ಅಲ್ಲಿದೆ.

ತಡವರಿಸುವ ಜಾಗ
ಸ್ಯಾಕ್ಸ್ ಸಲಿಂಗಪ್ರೇಮಿ. ಈ ವಾಕ್ಯ ಬಂದಾಗ ಪ್ರಶಿಕ್ಷಣಾರ್ಥಿಗೆ ಎರಡು ಸುಲಭದ ದಾರಿ ಕಾಣುತ್ತವೆ: ಬಿಟ್ಟುಬಿಡುವುದು, ಇಲ್ಲವೇ ದನಿ ತಗ್ಗಿಸಿ ದಾಟಿಸುವುದು. ಎರಡೂ ಬೇಡ. ಹುಟ್ಟಿದ ವರ್ಷ ಹೇಳಿದ ದನಿಯಲ್ಲೇ ಇದನ್ನೂ ಹೇಳಿ.

ಬಿಟ್ಟರೆ ಬದುಕಿನ ಅರ್ಧ ತಿಳಿಯದು. ಹದಿನೆಂಟರ ವಯಸ್ಸಿನಲ್ಲಿ ವಿಷಯ ತಿಳಿದಾಗ, ಅಷ್ಟು ಓದಿದ ತಾಯಿಯೇ ಮಗ ಹುಟ್ಟಬಾರದಿತ್ತು ಎಂದರು. ಇಂಗ್ಲೆಂಡಿನಲ್ಲಿ ಅದು 1967ರವರೆಗೆ ಅಪರಾಧವಾಗಿತ್ತು. ಮುಂದೆ ಸುಮಾರು 35 ವರ್ಷ ಅವರು ಒಂಟಿಯಾಗಿದ್ದರು. 75 ದಾಟಿದ ಮೇಲೆ ಲೇಖಕ ಬಿಲ್ ಹೇಯ್ಸ್ ಜೊತೆಯಾದರು. ಇದನ್ನೆಲ್ಲ 2015ರ ಆತ್ಮಕಥೆ 'ಆನ್ ದ ಮೂವ್'ನಲ್ಲಿ ತಾವೇ ಬರೆದರು. ಅದೇ ವರ್ಷ ಆಗಸ್ಟ್ 30ರಂದು ತೀರಿಕೊಂಡರು.

ಬರಬಹುದಾದ ಪ್ರಶ್ನೆಗಳು
"ಸಾರ್, ಅದೂ ಒಂದು ಕಾಯಿಲೇನಾ?" ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು.
"ನಮ್ಮಲ್ಲಿ ತಪ್ಪಲ್ವಾ?" ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿದೆ.
ಯಾರಾದರೂ ನಕ್ಕರೆ ಗದರಬೇಡಿ. ಉತ್ತರ ಕೊಟ್ಟು ಪಾಠ ಮುಂದುವರಿಸಿ. ಆದರೆ ನಗು ಒಬ್ಬ ಸಹಪಾಠಿಯ ಕಡೆ ತಿರುಗಿದರೆ ಅಲ್ಲಿಯೇ ತಡೆಯಿರಿ. 'ಹೆಣ್ಣಿಗ' ಎಂದು ದಿನವೂ ಕರೆಸಿಕೊಳ್ಳುವ ಹುಡುಗ ಹಿಂದಿನ ಬೆಂಚಿನಲ್ಲಿ ಕುಳಿತಿರಬಹುದು. ನಲವತ್ತು ನಿಮಿಷದಲ್ಲಿ ಅವನು ಗಮನಿಸುವುದು ಇಸವಿಗಳನ್ನಲ್ಲ, ನಿಮ್ಮ ಮುಖವನ್ನು.

ಮೌಲ್ಯಮಾಪನ
1. ಎಲ್-ಡೋಪಾ ಪಡೆದ ರೋಗಿಗಳಲ್ಲಿ ಏನು ಬದಲಾವಣೆ ಕಂಡಿತು? ಅದು ಉಳಿಯಿತೇ?
2. ರೋಗಿಯ ಬಗ್ಗೆ ಸ್ಯಾಕ್ಸ್ ಕಾಯಿಲೆಯ ಜೊತೆಗೆ ಇನ್ನೇನನ್ನು ಬರೆಯುತ್ತಿದ್ದರು?

ಮನೆಗೆಲಸ: ನಿಮ್ಮ ಬೀದಿಯ ಒಬ್ಬ ಹಿರಿಯರ ಬಗ್ಗೆ, ಅವರ ಕಾಯಿಲೆ ಅಥವಾ ಅಡ್ಡಹೆಸರು ಹೇಳದೆ, ಹತ್ತು ವಾಕ್ಯ ಬರೆಯಿರಿ.