ಬಣ್ಣ, ಬಟ್ಟೆ, ಮೈದಾ ಅಂಟು: ಸಾವು ಕಂಡ ಮನೆಯ ಹದಿಹರೆಯದವರಿಗೆ

ಅಪ್ಪ ತೀರಿಕೊಂಡ ಮನೆಗೆ ಬಂದವರು ಹದಿನೈದರ ಹುಡುಗನ ಬೆನ್ನು ತಟ್ಟಿ, ‘ಇನ್ನು ಈ ಮನೆಗೆ ನೀನೇ ಗಂಡಸು, ಅಮ್ಮನ ಮುಂದೆ ಅಳಬೇಡ’ ಎನ್ನುತ್ತಾರೆ. ತಾಯಿ ಹೋದರೆ ಹುಡುಗಿಯ ಕೈಗೆ ಸೌಟು ಬರುತ್ತದೆ. ತಿಥಿ ಮುಗಿಯುವಷ್ಟರಲ್ಲಿ ಮಗುವಿಗೆ ಹೊಸ ಪಾತ್ರವೊಂದು ಅಂಟಿರುತ್ತದೆ. ಬೇಕೋ ಬೇಡವೋ ಎಂದು ಯಾರೂ ಕೇಳಿರುವುದಿಲ್ಲ. ಕೇಳಿದರೂ ‘ಏನಿಲ್ಲ ಬಿಡಿ’ ಎಂದು ಮೊಬೈಲ್ ಹಿಡಿಯುವ ವಯಸ್ಸದು. ಕೈಗೆ ಕೆಲಸ ಸಿಕ್ಕರೆ ಮಾತು ತಾನಾಗಿ ಬರುವುದುಂಟು.

ಅಂಥ ಎರಡು ಕೆಲಸ ಇಲ್ಲಿವೆ: ಮುಖವಾಡ, ಕೌದಿ. ಮೊದಲ ವಾರಗಳ ಗದ್ದಲ ಕಳೆಯಲಿ. ಮಗು ಒಲ್ಲೆ ಎಂದರೆ ಬಿಟ್ಟುಬಿಡಿ.

ಮುಖವಾಡದಿಂದ ಶುರುಮಾಡಿ. ಬಲೂನನ್ನು ಮುಖದಷ್ಟು ಊದಿ, ಎಣ್ಣೆ ಸವರಿ, ಮೈದಾ ಅಂಟಿನಲ್ಲಿ ಅದ್ದಿದ ಪತ್ರಿಕೆಯ ಪಟ್ಟಿಗಳನ್ನು ಮೂರು ನಾಲ್ಕು ಪದರ ಹಚ್ಚಿ. ಎರಡು ದಿನ ಒಣಗಿದ ಮೇಲೆ ಉದ್ದಕ್ಕೆ ಸೀಳಿದರೆ ಎರಡು ಮುಖ: ಒಂದು ಮಗುವಿಗೆ, ಇನ್ನೊಂದು ನಿಮಗೆ. ಹೌದು, ನೀವೂ ಮಾಡಬೇಕು. ಸುಮ್ಮನೆ ನೋಡುತ್ತ ಕೂತರೆ ಅದು ಪರೀಕ್ಷಾ ಕೊಠಡಿಯಾಗುತ್ತದೆ. ಹೊರಮೈ ಮೇಲೆ ಬಣ್ಣದಲ್ಲಿ ಶಾಲೆಯವರಿಗೆ, ನೆಂಟರಿಗೆ ಕಾಣುವ ‘ನಾನು’. ಒಳಮೈಯಲ್ಲಿ ಯಾರಿಗೂ ತೋರಿಸದ್ದು. ಅಲ್ಲಿ ಬರೀ ಕಪ್ಪು ಬಳಿದರೆ ಗಾಬರಿ ಬೇಡ. ಸತ್ತವರ ಮೇಲೆ ಸಿಟ್ಟು ಬರಬಹುದು, ದೀರ್ಘ ಕಾಯಿಲೆಯಾಗಿದ್ದರೆ ‘ಮುಗಿಯಿತಲ್ಲ’ ಎಂಬ ನಿರಾಳವೂ. ಎರಡೂ ಸಹಜ.

ಆಮೇಲೆ ಬಟ್ಟೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಅದೇ ಹೊಲಿಗೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳಿಗಂತೂ ದೊಡ್ಡ ಹೆಸರು. ನಿಮಗೆ ದಿಂಬಿನ ಚೀಲದಷ್ಟಾದರೆ ಸಾಕು. ಹೋದವರ ಅಂಗಿಯದೊಂದು ತುಂಡು, ಮಗುವಿನ ಹಳೆ ಯೂನಿಫಾರ್ಮಿನದು, ಅಂಗಡಿಯಲ್ಲಿ ಮಗುವೇ ಆರಿಸಿದ ಹೊಸ ಬಟ್ಟೆಯದು. ಯಾವುದು ನಡುವೆ, ಯಾವುದು ಅಂಚಿಗೆ ಎಂಬುದು ಮಗುವಿನ ತೀರ್ಮಾನ. ಅಪ್ಪನ ಜೇಬು ಮೂಲೆಗೆ ಹೋದರೂ ತಕರಾರು ಎತ್ತಬೇಡಿ. ಹಲವು ಮನೆಗಳಲ್ಲಿ ತೀರಿಕೊಂಡವರ ಬಟ್ಟೆಯನ್ನು ಬೇಗ ಕೊಟ್ಟುಬಿಡುತ್ತಾರೆ. ಒಂದೆರಡನ್ನು ಮೊದಲೇ ಎತ್ತಿಡಿ. ಕತ್ತರಿ ಹಾಕುವ ಮುನ್ನ ಮನೆಯವರೆಲ್ಲರನ್ನೂ ಕೇಳಿ.

ಅಂಗಿ ಹಿಡಿದು ಅತ್ತವನು ಹತ್ತೇ ನಿಮಿಷಕ್ಕೆ ಕ್ರಿಕೆಟ್ ಸ್ಕೋರ್ ಕೇಳಿದರೆ ಅದು ಕಲ್ಲುಮನಸ್ಸಲ್ಲ. ದುಃಖದಲ್ಲಿರುವವರು ನಷ್ಟದ ಕಡೆಗೂ ಹೊಸ ಬದುಕಿನ ಕಡೆಗೂ ತೂಗಾಡುತ್ತಲೇ ಚೇತರಿಸಿಕೊಳ್ಳುತ್ತಾರೆಂದು ಮಾರ್ಗರೆಟ್ ಸ್ಟ್ರೋಬ, ಹೆಂಕ್ ಸ್ಖುಟ್ ಎಂಬ ಮನೋವಿಜ್ಞಾನಿಗಳು 1999ರಲ್ಲೇ ವಿವರಿಸಿದ್ದಾರೆ.

ಮಾಡಿದ್ದನ್ನು ಹೊಗಳಲೂ ಬೇಡಿ, ಅರ್ಥ ಹುಡುಕಲೂ ಬೇಡಿ. ‘ಇದರ ಬಗ್ಗೆ ಹೇಳ್ತೀಯಾ?’ ಎಂದಷ್ಟೇ ಕೇಳಿ. ದಯವಿಟ್ಟು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಮುಖವಾಡವನ್ನು ಹರಿದೆಸೆಯುವ ಹಕ್ಕೂ ಮಗುವಿನದೇ.

ವಾರಗಟ್ಟಲೆ ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ಶಾಲೆ ಬಿಟ್ಟರೆ, ಸಾಯುವ ಮಾತೆತ್ತಿದರೆ ಬಣ್ಣ ಬದಿಗಿಡಿ, ತಜ್ಞರನ್ನು ಕಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಗು ಒಪ್ಪದಿದ್ದರೆ ಮೊದಲ ಕರೆಯನ್ನು ನೀವೇ ಮಾಡಿ.