ಜನವರಿಯಲ್ಲಿ ಕಣಜ: ಗೂಡಿನ ಭಯ ಬೇಡ

ಪುಟ್ಟ ಮಗುವಿರುವ ಮನೆಯಲ್ಲಿ, ಅದೂ ಜನವರಿಯಲ್ಲಿ, ಕಣಜ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಮನೆಯೊಳಗೆ ಗೂಡು ಬೆಳೆಯುತ್ತಿದೆ ಎಂಬ ನಿಮ್ಮ ಭಯಕ್ಕೆ ಕಾರಣವಿಲ್ಲ. ಇಂಗ್ಲೆಂಡಿನ ಚಳಿ ಬಿಗಿಯಾಗುವ ಹೊತ್ತಿಗೆ ಕೆಲಸಗಾರ ಕಣಜಗಳೂ ಗಂಡುಗಳೂ ಸತ್ತಿರುತ್ತವೆ. ಉಳಿಯುವುದು ಗಂಡಿನೊಡನೆ ಕೂಡಿದ ಹೊಸ ರಾಣಿಗಳು ಮಾತ್ರ. ಅವು ಅಟ್ಟದಲ್ಲೋ ಪರದೆಯ ಮಡಿಕೆಯಲ್ಲೋ ಸೇರಿ, ದವಡೆಯಿಂದ ಕಚ್ಚಿ ಹಿಡಿದು, ರೆಕ್ಕೆ, ಮೀಸೆಗಳನ್ನು ಮೈಯಡಿಗೆ ಮಡಚಿಕೊಂಡು ವಸಂತದವರೆಗೆ ನಿದ್ರಿಸುತ್ತವೆ. ನೀವು ಹೀಟರ್ ಹಾಕಿದಾಗ ಆ ಶಾಖಕ್ಕೆ ಎಚ್ಚರಗೊಂಡು ಕಿಟಕಿಯ ಬೆಳಕಿನತ್ತ ಬರುತ್ತವೆ. ಸುಮಾರು 2 ಸೆಂ.ಮೀ. ಉದ್ದವಿದ್ದು ಮೆಲ್ಲಗೆ ತೆವಳುತ್ತಿದ್ದರೆ ಅದು ರಾಣಿಯೇ.

ಕಾಯಲು ಗೂಡಿಲ್ಲದ ಕಾರಣ ತಾನಾಗಿ ಮೇಲೆರಗುವುದು ತೀರಾ ಅಪರೂಪ. ಮೈಗೆ ಒತ್ತಿದರೆ, ತುಳಿದರೆ ಕುಟುಕುತ್ತದೆ. ಆದ್ದರಿಂದ ಹಾಸಿಗೆ, ಮಗುವಿನ ಸ್ವೆಟರ್ ಬಳಸುವ ಮುನ್ನ ಕೊಡವಿ. ಸ್ಪ್ರೇ ಮಾತ್ರ ದಯವಿಟ್ಟು ಬೇಡ. ಗಾಜಿನ ಲೋಟ ಕವುಚಿ, ಅಡಿಗೆ ರಟ್ಟು ಜಾರಿಸಿ, ತಣ್ಣನೆಯ ಶೆಡ್ಡಿನಲ್ಲಿ ಬಿಡಿ. ಬೇಸಿಗೆಯಲ್ಲಿ ತೋಟದ ಕಂಬಳಿಹುಳು, ನೊಣ ಹಿಡಿಯುವುದು ಇದರ ಸಂತತಿಯೇ. ಹಲವು ರಾಣಿಗಳು ಕಂಡರೆ ಅಟ್ಟದಲ್ಲಿ ಹಿಂದಿನ ಬೇಸಿಗೆಯ ಗೂಡಿರಬಹುದು. ಆ ಗೂಡನ್ನು ಅವು ಮತ್ತೆ ಬಳಸುವುದಿಲ್ಲ.

ಕುಟುಕಿದ ಮೇಲೆ ಉಸಿರು ಕಟ್ಟಿದರೆ, ಮುಖ ಊದಿದರೆ, ತಡಮಾಡದೆ 999ಕ್ಕೆ ಕರೆ ಮಾಡಿ.