ನೆಲದ ಮೇಲೆ ನಿಂತ ವಿಮಾನ ಎಷ್ಟು ಎತ್ತರ ತೋರಿಸುತ್ತದೆ?

ತರಗತಿ: 8. ವಿಷಯ: ವಿಜ್ಞಾನ. ಘಟಕ: ಬಲ ಮತ್ತು ಒತ್ತಡ. ಉಪಘಟಕ: ವಾಯುಮಂಡಲದ ಒತ್ತಡ. ಅವಧಿ: 40 ನಿಮಿಷದ ಒಂದು ತರಗತಿ ಎಂದು ಯೋಜಿಸಿದ್ದು, ಎರಡು ಬೇಕಾಯಿತು.

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಈ ಉಪಘಟಕಕ್ಕೆ ನಾವೆಲ್ಲರೂ ಮಾಡುವ ಪಾಠ ಯೋಜನೆಯನ್ನೇ ನಾನೂ ಮಾಡಿಕೊಂಡು ಹೋಗಿದ್ದೆ. ಲೋಟದ ತುಂಬ ನೀರು, ಮೇಲೊಂದು ರಟ್ಟು, ತಲೆಕೆಳಗು ಮಾಡಿದರೂ ನೀರು ಬೀಳದು. ಗೋಡೆಗೆ ಅಂಟುವ ರಬ್ಬರ್ ಬಟ್ಟಲು. ಕೊನೆಯಲ್ಲಿ ‘ಉಪಯೋಗಗಳನ್ನು ಪಟ್ಟಿಮಾಡುವರು’ ಎಂಬ ಕಲಿಕಾ ಫಲ. ಆ ಪಟ್ಟಿಯ ನಾಲ್ಕನೆಯ ಅಂಶ ‘ವಿಮಾನದಲ್ಲಿ ಎತ್ತರ ಅಳೆಯಲು’. ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಐದನೆಯದಕ್ಕೆ ಹೋಗುವಷ್ಟರಲ್ಲಿ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಮಿಸ್, ವದ್ದಿಕೆರೆ ಹತ್ರ ಹೊಲಕ್ಕೆ ಬಿತ್ತಲ್ಲ ವಿಮಾನ, ಅದರೊಳಗೆ ಯಾರೂ ಇರ್ಲಿಲ್ವಂತೆ. ಎಷ್ಟು ಮೇಲೈತೆ ಅಂತ ಅದಕ್ಕೆ ಹೆಂಗೆ ಗೊತ್ತಾಗ್ತಿತ್ತು?”

ಈ ಭಾಗದ ಮಕ್ಕಳಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಪರೀಕ್ಷಾ ಹಾರಾಟ ನಡೆಸುತ್ತಿದ್ದ ‘ತಪಸ್’ ಎಂಬ ಚಾಲಕರಹಿತ ವಿಮಾನಗಳಲ್ಲಿ ಒಂದು 2023ರ ಆಗಸ್ಟ್ 20ರಂದು ವದ್ದಿಕೆರೆ ಬಳಿಯ ಹೊಲದಲ್ಲಿ ಬಿತ್ತು. ಆ ದಿನದ ವಿಡಿಯೋ ನೋಡದ ಮಗು ನನ್ನ ತರಗತಿಯಲ್ಲಿ ಇರಲಿಲ್ಲ.

ನಾನು ಧೈರ್ಯವಾಗಿಯೇ ಉತ್ತರಿಸಿದೆ: “ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆಲ್ಟಿಮೀಟರ್ ಎಂಬ ಉಪಕರಣ ಅದನ್ನು ಅಳೆದು ನೆಲದಿಂದ ಎಷ್ಟು ಎತ್ತರ ಎಂದು ತೋರಿಸುತ್ತದೆ.” ಅವಳು ಕೂರಲಿಲ್ಲ. “ಹಂಗಾದ್ರೆ ವಿಮಾನ ನೆಲದ ಮೇಲೆ ನಿಂತಿದ್ರೆ ಸೊನ್ನೆನಾ? ಬೆಂಗಳೂರಲ್ಲೂ ಸೊನ್ನೆ, ಮಂಗಳೂರಲ್ಲೂ ಸೊನ್ನೆನಾ?” ನಾನು “ಹೌದು” ಎಂದೆ. ಮಕ್ಕಳು ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಿ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಏನೋ ಬರೆದರು.

ನನ್ನ ಉತ್ತರ ತಪ್ಪು ಎಂದು ಗೊತ್ತಾದದ್ದು ಅಂದು ರಾತ್ರಿ ಓದಿದಾಗ. ಆಲ್ಟಿಮೀಟರ್ ಎತ್ತರವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಒತ್ತಡವನ್ನು ಮಾತ್ರ. ಒಳಗೆ ಗಾಳಿ ತೆಗೆದು ಮುಚ್ಚಿದ, ತೆಳು ಲೋಹದ ಅಲೆಅಲೆಯಾದ ಡಬ್ಬಿ ಇರುತ್ತದೆ. ಹೊರಗಿನ ಒತ್ತಡ ತಗ್ಗಿದರೆ ಅದು ಸ್ವಲ್ಪ ಉಬ್ಬುತ್ತದೆ, ಹಲ್ಲುಚಕ್ರಗಳು ಆ ಉಬ್ಬನ್ನು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ಆದರೆ ಯಾವ ಒತ್ತಡವನ್ನು ‘ಸೊನ್ನೆ’ ಎನ್ನಬೇಕೆಂದು ಉಪಕರಣಕ್ಕೆ ನಾವೇ ಹೇಳಬೇಕು. ಅದಕ್ಕೊಂದು ತಿರುಪು ಇರುತ್ತದೆ. ಆ ಸ್ಥಳದ ಒತ್ತಡವನ್ನು ಸಮುದ್ರಮಟ್ಟಕ್ಕೆ ಲೆಕ್ಕಹಾಕಿ ಬರುವ ಸಂಖ್ಯೆಯನ್ನು ನಿಯಂತ್ರಣ ಗೋಪುರದವರು ಹೇಳುತ್ತಾರೆ, ಪೈಲಟ್ ತಿರುಪನ್ನು ಅದಕ್ಕೆ ಹೊಂದಿಸುತ್ತಾರೆ. ಆಗ ಬೆಂಗಳೂರು ನಿಲ್ದಾಣದಲ್ಲಿ ನಿಂತ ವಿಮಾನ ಸುಮಾರು 3000 ಅಡಿ ತೋರಿಸುತ್ತದೆ, ಮಂಗಳೂರಿನಲ್ಲಿ ನಿಂತದ್ದು ಕೆಲವೇ ನೂರು ಅಡಿ. ಬೇಕಾದರೆ ನೆಲದ ಒತ್ತಡಕ್ಕೇ ಹೊಂದಿಸಿ ಸೊನ್ನೆ ತೋರಿಸುವಂತೆಯೂ ಮಾಡಬಹುದು. ಹುಡುಗಿಯ ಪ್ರಶ್ನೆಗೆ ಸರಿಯಾದ ಉತ್ತರ ‘ಹೌದು’ ಅಲ್ಲ, ‘ತಿರುಪು ಎಲ್ಲಿದೆ ಎಂಬುದರ ಮೇಲೆ’.

ಮರುದಿನದ ತರಗತಿಗೆ ಬೇರೆ ಪಾಠ ಯೋಜನೆ ಮಂಜೂರಾಗಿತ್ತು. ಅಂಕ ಕೊಡುವ ತರಗತಿಯಲ್ಲಿ “ನಿನ್ನೆ ನಾನು ಹೇಳಿದ್ದು ತಪ್ಪು” ಎನ್ನಬೇಕೇ ಎಂದು ನಾನು ಹಿಂಜರಿದದ್ದು ನಿಜ. ಹೇಳದಿದ್ದರೆ ತರಗತಿಯ ಅಷ್ಟೂ ನೋಟ್‌ಬುಕ್‌ಗಳಲ್ಲಿ ನನ್ನ ತಪ್ಪು ಉಳಿಯುತ್ತಿತ್ತು. ಉಪನ್ಯಾಸಕರ ಅನುಮತಿ ಕೇಳಿದೆ. “ಯೋಜನೆ ಬದಲಿಸಿ ಬರೆದುಕೊಂಡು ಬನ್ನಿ” ಎಂದಷ್ಟೇ ಹೇಳಿದರು.

ಎರಡನೇ ತರಗತಿಯನ್ನು ವಾಣಿವಿಲಾಸ ಸಾಗರದಿಂದ ಆರಂಭಿಸಿದೆ. ಕಣಿವೆಯಲ್ಲಿ 130 ಅಡಿ ನೀರು ಎಂದರೆ ಏನೆಂದು ಹಿರಿಯೂರಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. 1933ರ ನಂತರ 2022ರಲ್ಲಿ ಕೋಡಿ ಬಿದ್ದದ್ದನ್ನು ಅವರೆಲ್ಲ ಹೋಗಿ ನೋಡಿದ್ದಾರೆ. ಸುಮಾರು 10 ಮೀಟರ್ ಆಳದ ನೀರು ಒಂದು ವಾಯುಮಂಡಲದಷ್ಟು ಒತ್ತಡ ಹಾಕುತ್ತದೆ. 130 ಅಡಿ ಎಂದರೆ ಸುಮಾರು 40 ಮೀಟರ್, ಅಂದರೆ ತಳದಲ್ಲಿ ನೀರಿನದೇ ನಾಲ್ಕು ವಾಯುಮಂಡಲದಷ್ಟು. “ನೀರಿನ ತಳದಲ್ಲಿರುವ ಮೀನಿನಂತೆ ನಾವು ಗಾಳಿಯ ತಳದಲ್ಲಿದ್ದೇವೆ. ಮೀನು ಮೇಲೆ ಬಂದರೆ ಒತ್ತಡ ಏನಾಗುತ್ತದೆ?” ಈ ಪ್ರಶ್ನೆಗೆ ಕೈಗಳು ತಾವಾಗಿಯೇ ಎದ್ದವು.

ನಂತರ ನನ್ನ ಮೊಬೈಲ್. ಇದರಲ್ಲಿ ಒತ್ತಡ ಅಳೆಯುವ ಸಂವೇದಕವಿದೆ (ಎಲ್ಲ ಮೊಬೈಲ್‌ನಲ್ಲೂ ಇರುವುದಿಲ್ಲ). ಶಾಲೆಯಲ್ಲಿ ಅದು 940 ಹೆಕ್ಟೋಪಾಸ್ಕಲ್ ಆಸುಪಾಸು ತೋರಿಸಿತು. ಒಂದು ಹೆಕ್ಟೋಪಾಸ್ಕಲ್ ಎಂದರೆ 100 ಪಾಸ್ಕಲ್. ಒಬ್ಬ ಹುಡುಗ ಅದನ್ನು ಹಿಡಿದು ಮಹಡಿ ಹತ್ತಿದ. ಮೇಲಿನಿಂದ ಕೂಗಿ ಹೇಳಿದ ಸಂಖ್ಯೆ 0.3ರಷ್ಟು ಕಡಿಮೆ. ನಮ್ಮ ಕಡೆಯ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಇಳಿಯಲು ಸುಮಾರು 9 ಮೀಟರ್ ಏರಬೇಕು. 0.3ಕ್ಕೆ ಎಷ್ಟು ಎಂದು ಮಕ್ಕಳೇ ಗುಣಿಸಿ, ಒಂದು ಮಹಡಿಯ ಎತ್ತರ ಹತ್ತಿರ ಹತ್ತಿರ ಸರಿಹೋಯಿತೆಂದು ಖುಷಿಪಟ್ಟರು. ನಾನು ದಿನಾ ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುವವಳು. ಅಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ 928 ಇದ್ದದ್ದನ್ನು ಬರೆದುಕೊಂಡಿದ್ದೆ. ದುರ್ಗ ಹಿರಿಯೂರಿಗಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಅವರು ಆ ಎರಡು ಸಂಖ್ಯೆಗಳಿಂದಲೇ ಲೆಕ್ಕಹಾಕಿ ಹೇಳಿದರು.

ಇಲ್ಲಿ ಹೊಳಲ್ಕೆರೆಯ ಶಾಲೆಯಲ್ಲಿದ್ದ ನನ್ನ ಸಹಪಾಠಿಯ ಅನುಭವ ಹೇಳಲೇಬೇಕು. ಅವಳು ಇದೇ ಪಾಠಕ್ಕೆ ಬಾಟಲಿಯ ಬಾಯಿಗೆ ಬಲೂನು ಬಿಗಿದು, ನಡುವೆ ಸ್ಟ್ರಾ ಅಂಟಿಸಿ ‘ವಾಯುಭಾರಮಾಪಕ’ ಮಾಡಿದ್ದಳು. ಅರ್ಧ ಗಂಟೆಯಲ್ಲಿ ಸ್ಟ್ರಾದ ತುದಿ ಚೆನ್ನಾಗಿ ಕೆಳಗಿಳಿಯಿತು, ಒತ್ತಡ ಕಡಿಮೆಯಾಯಿತೆಂದು ಮಕ್ಕಳು ಬರೆದರು. ನಿಜದಲ್ಲಿ ಬಾಟಲಿ ಕಿಟಕಿಯ ಬಿಸಿಲಿನಲ್ಲಿತ್ತು. ಒಳಗಿನ ಗಾಳಿ ಬಿಸಿಯಾಗಿ ಬಲೂನು ಉಬ್ಬಿತ್ತು. ಒಂದು ಡಿಗ್ರಿ ಬಿಸಿ ಏರಿದರೆ ಮುಚ್ಚಿದ ಗಾಳಿಯ ಒತ್ತಡ ಸುಮಾರು 3 ಹೆಕ್ಟೋಪಾಸ್ಕಲ್ ಏರುತ್ತದೆ, ಒಂದು ಮಹಡಿಯ ವ್ಯತ್ಯಾಸದ ಹತ್ತು ಪಟ್ಟು! ವಿಮಾನದ ಡಬ್ಬಿಯಿಂದ ಗಾಳಿ ತೆಗೆದಿರುವುದು ಇದಕ್ಕೇ. ನಾವು ಕಲಿಕೋಪಕರಣ ಸ್ಪರ್ಧೆಗಳಲ್ಲಿ ಪ್ರತಿವರ್ಷ ಮಾಡುವ ಈ ಮಾದರಿ ಬಹುಪಾಲು ಉಷ್ಣತಾಮಾಪಕವೇ. ಹೊಸದುರ್ಗದಲ್ಲಿದ್ದ ಇನ್ನೊಬ್ಬ ಗೆಳೆಯನ ಮೊಬೈಲಿನಲ್ಲಿ ಸಂವೇದಕವಿರಲಿಲ್ಲ, ಅವನು ನನ್ನ ಬಸ್ಸಿನ ಸಂಖ್ಯೆಗಳನ್ನು ತರಿಸಿಕೊಂಡು ಮಕ್ಕಳಿಂದ ನಕ್ಷೆ ಬರೆಸಿದ. ಅದು ನನ್ನ ಮೊಬೈಲ್ ಆಟಕ್ಕಿಂತ ಒಳ್ಳೆಯ ಚಟುವಟಿಕೆ ಎಂದು ನನಗನ್ನಿಸಿತು.

ಒತ್ತಡವೊಂದರಿಂದಲೇ ವಿಮಾನ ಇನ್ನೆರಡು ಸಂಗತಿ ತಿಳಿಯುತ್ತದೆ. ಅದರ ಮೈಪಕ್ಕದ ಸಣ್ಣ ರಂಧ್ರಗಳು ಸುತ್ತಲಿನ ಗಾಳಿಯ ಒತ್ತಡವನ್ನು ಕೊಡುತ್ತವೆ. ಮುಂದಕ್ಕೆ ಚಾಚಿದ ಪಿಟಾಟ್ ಕೊಳವೆ ಎದುರಿನಿಂದ ನುಗ್ಗುವ ಗಾಳಿಯ ಒತ್ತಡವನ್ನು ಕೊಡುತ್ತದೆ. ಎರಡರ ವ್ಯತ್ಯಾಸದಿಂದ ವೇಗ ತಿಳಿಯುತ್ತದೆ. ಒತ್ತಡ ಎಷ್ಟು ಬೇಗ ಬದಲಾಗುತ್ತಿದೆ ಎಂಬುದರಿಂದ ಏರುವ, ಇಳಿಯುವ ದರ ತಿಳಿಯುತ್ತದೆ. ಮೈಪಕ್ಕದ ರಂಧ್ರ ಮುಚ್ಚಿದರೆ ಮೂರೂ ಸುಳ್ಳು ಹೇಳುತ್ತವೆ. 1996ರ ಅಕ್ಟೋಬರ್‌ನಲ್ಲಿ ಪೆರು ದೇಶದ ಒಂದು ವಿಮಾನವನ್ನು ತೊಳೆಯುವಾಗ ಆ ರಂಧ್ರಗಳಿಗೆ ಅಂಟಿಸಿದ ಟೇಪನ್ನು ತೆಗೆಯಲು ಮರೆತರು. ಅದು ರಾತ್ರಿ ಹಾರಿ ಸಮುದ್ರಕ್ಕೆ ಬಿತ್ತು, ಒಳಗಿದ್ದ 70 ಜನರೂ ಸತ್ತರು. 8ನೇ ತರಗತಿಗೆ ಇದನ್ನು ಹೇಳಬೇಕೇ ಎಂದು ಯೋಚಿಸಿ, ಕೊನೆಗೆ ಸಾವಿನ ಸಂಖ್ಯೆ ಬಿಟ್ಟು ಹೇಳಿದೆ. ತರಗತಿ ಅಷ್ಟು ನಿಶ್ಶಬ್ದವಾದದ್ದು ಮತ್ತೆಂದೂ ಇಲ್ಲ.

ಇನ್ನು ಚಾಲಕನಿಲ್ಲದೆ ನೆಲ ಮುಟ್ಟುವ ಸಂಗತಿ. ಇದಕ್ಕೆ ವರವು ಕಾವಲೇ ಉದಾಹರಣೆ ಒದಗಿಸಿತು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ರಾಕೆಟ್ ವಿಮಾನವನ್ನು ಚಿನೂಕ್ ಹೆಲಿಕಾಪ್ಟರಿಗೆ ನೇತುಹಾಕಿ ಮೇಲೊಯ್ದು ಅಲ್ಲಿ ಬಿಟ್ಟಿತು. ಅದು ತಾನಾಗಿ ಹಾದಿ ಹಿಡಿದು ರನ್‌ವೇಗೆ ಇಳಿಯಿತು. ಬಿಟ್ಟ ಎತ್ತರ 4.5 ಕಿಲೋಮೀಟರ್, ಸಮುದ್ರಮಟ್ಟದಿಂದ. ಚಳ್ಳಕೆರೆ ಕಡೆಯ ನೆಲವೇ ಅರ್ಧ ಕಿಲೋಮೀಟರಿಗಿಂತ ಎತ್ತರ. ಹಾಗಾದರೆ ನೆಲದಿಂದ ಎಷ್ಟು? “ನಾಕಕ್ಕಿಂತ ಕಮ್ಮಿ ಮಿಸ್” ಎಂದಳು ಮೂರನೇ ಬೆಂಚಿನ ಹುಡುಗಿ. ಇಳಿಯುವ ಕೊನೆಯ ಕ್ಷಣಗಳಲ್ಲಿ ಬೇಕಾದದ್ದು ಈ ನೆಲದಿಂದಿರುವ ಎತ್ತರ, ಅದೂ ಮೀಟರ್ ಲೆಕ್ಕದಲ್ಲಿ. ಅದಕ್ಕೇ ಆ ವಾಹನದಲ್ಲಿ ನಾವಿಕ್ ಉಪಗ್ರಹ ಸಂಕೇತದ ಗ್ರಾಹಕದ ಜೊತೆಗೆ ರಾಡಾರ್ ಆಲ್ಟಿಮೀಟರ್ ಇತ್ತು. ಅದು ರೇಡಿಯೋ ತರಂಗವನ್ನು ಕೆಳಗೆ ಕಳಿಸಿ, ಮರಳಿ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕಹಾಕುತ್ತದೆ. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾಯುವುದನ್ನು ನೆನಪಿಸಿದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ‘ಹಿರಿಯೂರಿನಲ್ಲಿ ಸೊನ್ನೆಗೆ ಹೊಂದಿಸಿದ ಆಲ್ಟಿಮೀಟರನ್ನು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಒಯ್ದರೆ ಏನು ತೋರಿಸುತ್ತದೆ?’ ಅರ್ಧಕ್ಕಿಂತ ಹೆಚ್ಚು ಮಕ್ಕಳು 100 ಮೀಟರ್ ಎಂದು ಬರೆದರು. ಕೆಲವರು ಸೊನ್ನೆ ಎಂದೇ ಬರೆದಿದ್ದರು, ಮೊದಲ ದಿನದ ನನ್ನ ‘ಹೌದು’ ಇನ್ನೂ ಅವರ ತಲೆಯಲ್ಲಿದೆ. ಕೊನೆಯ ಬೆಂಚಿನ ಒಬ್ಬ ಹುಡುಗ ಉತ್ತರದ ಕೆಳಗೆ ತಾನೇ ಒಂದು ಪ್ರಶ್ನೆ ಸೇರಿಸಿದ್ದ: ‘ಮಳೆ ಬರೋ ದಿನ ಒತ್ತಡ ಇಳಿದರೆ, ನಿಂತಲ್ಲೇ ಅದು ಮೇಲೆ ಹೋದಂಗೆ ತೋರಿಸುತ್ತಾ?’ ತೋರಿಸುತ್ತದೆ. ಐದು ಹೆಕ್ಟೋಪಾಸ್ಕಲ್ ಇಳಿದರೆ ಸುಮಾರು 45 ಮೀಟರ್ ಮೇಲೆ ಹೋದಂತೆ. ಪೈಲಟ್‌ಗಳು ಇಳಿಯುವ ಮುನ್ನ ಮತ್ತೆ ಗೋಪುರವನ್ನು ಕೇಳಿ ತಿರುಪು ಸರಿಪಡಿಸಿಕೊಳ್ಳುವುದು ಇದಕ್ಕೇ. ಗಂಟೆ ಹೊಡೆದಿತ್ತು, ಅವನ ನೋಟ್‌ಬುಕ್‌ನಲ್ಲಿ ಉತ್ತರ ಬರೆದು ಕೊಟ್ಟೆ.